ಒಕ್ಕದ ಹಣ, ಊರಿನ ಮಕ್ಕಳು: ಟ್ರಸ್ಟ್ ಮಾಡುವ ಮುಂಚೆ ತೀರ್ಮಾನಿಸಬೇಕಾದ್ದು

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಒಂದು ಒಕ್ಕ (ಒಂದೇ ಮೂಲದ ಕೊಡವ ಕುಟುಂಬ). 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕುಟುಂಬದವರೆಲ್ಲ ಸೇರಿ ಹಣ ಎತ್ತಿ, ಮನೆ ಕಳೆದುಕೊಂಡವರಿಗೆ ಕೊಟ್ಟಿದ್ದೆವು. ಉಳಿದದ್ದು ಚಿಕ್ಕಪ್ಪನ ಖಾತೆಯಲ್ಲಿದೆ. ತೀರಿಹೋದ ಅಜ್ಜ ‘ಬಡ ಮಕ್ಕಳ ಓದಿಗೆ’ ಎಂದು ವಿಲ್‌ನಲ್ಲಿ ಒಂದಿಷ್ಟು ಠೇವಣಿ ಮತ್ತು ಐನ್‌ಮನೆ (ಒಕ್ಕದ ಮೂಲಮನೆ) ಪಕ್ಕದ ಜಾಗ ಬರೆದಿದ್ದಾರೆ. ಇದನ್ನೆಲ್ಲ ಸೇರಿಸಿ ಫೌಂಡೇಷನ್ ಮಾಡೋಣ ಅಂತಿದ್ದೇವೆ. ಒಬ್ಬರು ಸಂಘ ಅನ್ನುತ್ತಾರೆ, ಇನ್ನೊಬ್ಬರು ಟ್ರಸ್ಟ್, ಮತ್ತೊಬ್ಬರು ಕಂಪನಿ. ಕೆನಡಾದಲ್ಲಿರುವ ಅಕ್ಕ, ಬೆಂಗಳೂರಿನ ತಮ್ಮಂದಿರು ಹಣ ಕೊಡಲು ತಯಾರಿದ್ದಾರೆ. ಆದರೆ ‘ಓದು, ಆರೋಗ್ಯ ಎಲ್ಲ ಸರ್ಕಾರದ ಕೆಲಸ, ನಾವ್ಯಾಕೆ ಮಾಡಬೇಕು’ ಎಂದು ಕೇಳುವವರೂ ಇದ್ದಾರೆ. ಸರ್ಕಾರ ಇಂಥ ಸಂಸ್ಥೆಯನ್ನು ಹೇಗೆ ಗುರುತಿಸುತ್ತದೆ? ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಅವೆಲ್ಲಕ್ಕೂ ಮೊದಲು ಬರಬೇಕಾದ ಒಂದು ಪ್ರಶ್ನೆ ಅದರಲ್ಲಿಲ್ಲ. ಈ ಹಣ ಯಾರಿಗೆ? ನಿಮ್ಮ ಒಕ್ಕದ ಮಕ್ಕಳಿಗಾ, ನಿಮ್ಮ ಜನಾಂಗದ ಮಕ್ಕಳಿಗಾ, ಊರಿನ ಎಲ್ಲ ಬಡ ಮಕ್ಕಳಿಗಾ? ಅಜ್ಜ ‘ಬಡ ಮಕ್ಕಳು’ ಎಂದಷ್ಟೇ ಬರೆದಿದ್ದಾರೆ. ಸಂಘವೋ ಟ್ರಸ್ಟೋ ಎಂಬುದು ಆಮೇಲಿನ ಮಾತು. ಈ ಮೊದಲ ಪ್ರಶ್ನೆಗೆ ನೀವು ಕೊಡುವ ಉತ್ತರದ ಮೇಲೆ ಕಾನೂನಿನ ಮನ್ನಣೆ ಸಿಗುತ್ತದೋ ಇಲ್ಲವೋ ಎಂಬುದು ನಿಂತಿದೆ.

ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. ಪ್ರಯೋಜನ ಪಡೆಯುವವರನ್ನು ಹೆಸರು ಹಿಡಿದು ಎಣಿಸಬಹುದಾದರೆ ಅದು ಖಾಸಗಿ ಟ್ರಸ್ಟ್. ಇಂಥವರೇ ಎಂದು ಎಣಿಸಲಾಗದ ಒಂದು ಜನವರ್ಗಕ್ಕೋ ಇಡೀ ಸಾರ್ವಜನಿಕರಿಗೋ ಆದರೆ ಅದು ಸಾರ್ವಜನಿಕ ಟ್ರಸ್ಟ್. 1956ರಲ್ಲಿ ದೇವಕಿ ನಂದನ್ ವಿರುದ್ಧ ಮುರಳೀಧರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅದು ಒಂದು ದೇವಸ್ಥಾನದ ವಿಷಯ. ಆದರೆ ಇವತ್ತಿಗೂ ಕೋರ್ಟುಗಳು ಇದೇ ಅಳತೆಯನ್ನು ಇಟ್ಟುಕೊಂಡು ನೋಡುತ್ತವೆ. ನಿಮ್ಮ ಒಕ್ಕದ ಮಕ್ಕಳ ಓದಿಗೆ ಮಾತ್ರ ಎಂದು ಬರೆದರೆ ಅದು ಒಳ್ಳೆಯ ಕೆಲಸವೇ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದು ಕುಟುಂಬ ನಿಧಿ. ಅದಕ್ಕೆ ದತ್ತಿ ಸಂಸ್ಥೆಯ ಮನ್ನಣೆ ಇಲ್ಲ, ತೆರಿಗೆ ವಿನಾಯಿತಿ ಇಲ್ಲ.

ಜನಾಂಗದ ಮಟ್ಟಕ್ಕೆ ಹೋದರೆ ವಿಷಯ ಇನ್ನೂ ಸೂಕ್ಷ್ಮ. ಒಂದು ಜಾತಿಗೆ ಸೇರಿದವರ ಒಳಿತಿಗಾಗಿ ಮಾಡಿದ ಸಂಸ್ಥೆಯೂ ದತ್ತಿಯೇ ಎಂದು ಅಹಮದಾಬಾದ್ ರಾಣಾ ಕಾಸ್ಟ್ ಅಸೋಸಿಯೇಷನ್ ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಆ ತೀರ್ಪು 1922ರ ಹಳೆಯ ತೆರಿಗೆ ಕಾಯ್ದೆಯ ಮೇಲೆ ಬಂದದ್ದು. 1961ರ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಹುಟ್ಟಿದ ದತ್ತಿ ಸಂಸ್ಥೆ ಒಂದೇ ಜಾತಿಗೆ ಅಥವಾ ಒಂದೇ ಧರ್ಮದವರಿಗೆ ಮೀಸಲಾದರೆ ಅದರ ಆದಾಯಕ್ಕೆ ವಿನಾಯಿತಿ ಇಲ್ಲ ಎಂದು ಸೆಕ್ಷನ್ 13 ಹೇಳಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ತಡೆ ಇಲ್ಲ. ಅಂದರೆ ‘ಯರವ, ಜೇನುಕುರುಬ ಮಕ್ಕಳ ಶಿಕ್ಷಣಕ್ಕೆ’ ಎಂದು ಬರೆಯಬಹುದು. ‘ನಮ್ಮ ಜನಾಂಗದವರಿಗೆ ಮಾತ್ರ’ ಎಂದು ಬರೆದರೆ ತೊಂದರೆ ಶುರು.

ನನ್ನ ಬಳಿ ಬರುವ ಕರಡುಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. ಉದ್ದೇಶದ ಪಟ್ಟಿಯಲ್ಲಿ ಹತ್ತು ವಾಕ್ಯ ಎಲ್ಲ ಬಡವರ ಬಗ್ಗೆ ಇರುತ್ತದೆ. ಹನ್ನೊಂದನೆಯದರಲ್ಲಿ ‘ಕುಟುಂಬದ ಸದಸ್ಯರಿಗೆ ಆದ್ಯತೆ’ ಎಂದು ಸೇರಿಸಿರುತ್ತಾರೆ. ಅದೊಂದು ಸಾಲು ಸಾಕು, ತೆರಿಗೆ ವಿನಾಯಿತಿಯ ಅರ್ಜಿ ನಿಂತುಹೋಗುತ್ತದೆ. ಟ್ರಸ್ಟ್ ಮಾಡಿದವರು, ಟ್ರಸ್ಟಿಗಳು, ದೊಡ್ಡ ಮೊತ್ತ ಕೊಟ್ಟವರು, ಇವರೆಲ್ಲರ ಹತ್ತಿರದ ಸಂಬಂಧಿಕರು ಟ್ರಸ್ಟ್‌ನ ಹಣದಿಂದ ಲಾಭ ಪಡೆಯಬಾರದು ಎಂಬುದು ಗಟ್ಟಿಯಾದ ನಿಯಮ. ಸಾಕಷ್ಟು ಭದ್ರತೆ ಮತ್ತು ಬಡ್ಡಿ ಇಲ್ಲದೆ ಅವರಿಗೆ ಸಾಲ ಕೊಡುವಂತೆಯೂ ಇಲ್ಲ. ‘ಕಾಫಿ ಕೊಯ್ಲಿನ ಹೊತ್ತಿಗೆ ನಮ್ಮವರಿಗೇ ಕೈಸಾಲ ಕೊಟ್ಟು ಬಡ್ಡಿ ಬರಿಸೋಣ’ ಎಂಬ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ಟ್ರಸ್ಟ್‌ನ ಹಣವನ್ನು ಬ್ಯಾಂಕ್ ಠೇವಣಿ, ಅಂಚೆ ಕಚೇರಿಯ ಉಳಿತಾಯ ಯೋಜನೆ ಹೀಗೆ ಕಾಯ್ದೆ ಹೇಳಿದ ಜಾಗಗಳಲ್ಲೇ ಇಡಬೇಕು.

ಹಾಗಾಗಿ ನನ್ನ ಸಲಹೆ ಇದು. ಒಕ್ಕದ ಮಕ್ಕಳಿಗೆ ಬೇರೆ ನಿಧಿ ಇರಲಿ. ಅದು ಒಕ್ಕದ ಒಳಗಿನ ವ್ಯವಹಾರ, ಅದರ ಲೆಕ್ಕ ಒಕ್ಕದ ಸಭೆಗೆ. ಅಜ್ಜನ ಠೇವಣಿ ಮತ್ತು 2018ರಲ್ಲಿ ಎತ್ತಿದ ಹಣ ಊರಿನದು. ಅದನ್ನು ಒಕ್ಕದ ನಿಧಿಯ ಜೊತೆ ಬೆರೆಸಬೇಡಿ. ವಿಶೇಷವಾಗಿ 2018ರ ಹಣ. ಸಂತ್ರಸ್ತರಿಗೆ ಎಂದು ಹೇಳಿ ಪಡೆದದ್ದು ಅದು. ಕೊಟ್ಟವರ ಪಾಲಿಗೆ ನಿಮ್ಮ ಚಿಕ್ಕಪ್ಪ ಈಗಾಗಲೇ ಒಬ್ಬ ಟ್ರಸ್ಟಿಯ ಹಾಗೆ ಅದನ್ನು ಇಟ್ಟುಕೊಂಡಿದ್ದಾರೆ. ಯಾರು ಎಷ್ಟು ಕೊಟ್ಟರು, ಎಷ್ಟು ಹಂಚಿದಿರಿ, ಎಷ್ಟು ಉಳಿಯಿತು, ಇಷ್ಟು ದಿನದ ಬಡ್ಡಿ ಎಷ್ಟು ಎಂದು ಒಂದು ಪುಟದಲ್ಲಿ ಬರೆದು ಅವರ ಸಹಿ ಹಾಕಿಸಿ. ಚಿಕ್ಕಪ್ಪನ ಮೇಲೆ ಅನುಮಾನ ಅಂತ ಅಲ್ಲ. ಅವರ ಖಾತೆಗೆ ಬಂದ ಹಣದ ಬಗ್ಗೆ ನಾಳೆ ತೆರಿಗೆ ಇಲಾಖೆಯಿಂದ ಪ್ರಶ್ನೆ ಬಂದರೆ ಅವರಿಗೆ ರಕ್ಷಣೆ ಕೊಡುವುದು ಆ ಪುಟವೇ.

ಇನ್ನು ಸಂಘವೋ, ಟ್ರಸ್ಟೋ, ಕಂಪನಿಯೋ? ಫೌಂಡೇಷನ್ ಎಂಬ ಬೇರೆ ನೋಂದಣಿ ನಮ್ಮ ಕಾನೂನಿನಲ್ಲಿಲ್ಲ. ಆ ಹೆಸರನ್ನು ಈ ಮೂರರಲ್ಲಿ ಯಾವುದಕ್ಕೂ ಇಟ್ಟುಕೊಳ್ಳಬಹುದು.

ಸಂಘ ಎಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುವಂಥದ್ದು. ಕನಿಷ್ಠ 7 ಜನ ಸದಸ್ಯರು ಬೇಕು. ಪ್ರತಿ ವರ್ಷ ಮಹಾಸಭೆ ಆಗಬೇಕು, ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೇ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ವಿಚಾರಣೆ ನಡೆಸುವ ಅಧಿಕಾರ ಅವರಿಗಿದೆ. ಸದಸ್ಯರ ಮತದಿಂದ ನಡೆಯುವ ಕೆಲಸಕ್ಕೆ, ಅಂದರೆ ಸಮಾಜಗಳು, ಕ್ರೀಡಾ ಸಂಘಗಳು, ಮಹಿಳಾ ಸಂಘಗಳಿಗೆ ಇದು ಸರಿಯಾದ ರೂಪ. ನಿಮಗೆ ಅಷ್ಟು ಒಪ್ಪುವುದಿಲ್ಲ. ಅಜ್ಜನ ಇಚ್ಛೆ ಪ್ರತಿ ವರ್ಷ ಮತಕ್ಕೆ ಬೀಳುವಂಥದ್ದಲ್ಲ.

ಕಂಪನಿ ಎಂದರೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರದ್ದು. ಲಾಭ ಹಂಚಿಕೊಳ್ಳದ ಕಂಪನಿ. ಮೂರರಲ್ಲಿ ಇದೊಂದೇ ಪೂರ್ತಿಯಾಗಿ ಸ್ವಂತ ಕಾನೂನು ವ್ಯಕ್ತಿತ್ವ ಉಳ್ಳದ್ದು, ತನ್ನ ಹೆಸರಿನಲ್ಲೇ ಆಸ್ತಿ ಇಟ್ಟುಕೊಳ್ಳುತ್ತದೆ. ದೊಡ್ಡ ಸಂಸ್ಥೆಗಳು, ಕಂಪನಿಗಳಿಂದ ಕೋಟಿಗಟ್ಟಲೆ ಅನುದಾನ ಪಡೆಯುವವರು ಇದನ್ನು ಇಷ್ಟಪಡುತ್ತಾರೆ. ಆದರೆ ವರ್ಷ ವರ್ಷ ಸಲ್ಲಿಸಬೇಕಾದ ಕಾಗದಗಳು, ಲೆಕ್ಕ ಪರಿಶೋಧಕರ ಶುಲ್ಕ ಎಲ್ಲ ಸೇರಿದರೆ ಸಣ್ಣ ನಿಧಿಗೆ ಭಾರ.

ನಿಮಗೆ ಸಾರ್ವಜನಿಕ ದತ್ತಿ ಟ್ರಸ್ಟ್ ಸಾಕು. ಇದರಲ್ಲಿ ಒಂದು ವಿಚಿತ್ರ ಇದೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇರುವುದು ಖಾಸಗಿ ಟ್ರಸ್ಟ್‌ಗಳಿಗೆ. ಸಾರ್ವಜನಿಕ ದತ್ತಿಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ದತ್ತಿ ಸಂಸ್ಥೆಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ 28ನೇ ಬಾಬತ್ತು. ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಮಹಾರಾಷ್ಟ್ರ ಮತ್ತು ಗುಜರಾತಿನಲ್ಲಿ 1950ರ ಬಾಂಬೆ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಿಂದ ಬಂದ ಚಾರಿಟಿ ಕಮಿಷನರ್ ಇದ್ದಾರೆ. ಪ್ರತಿ ಟ್ರಸ್ಟ್ ಅವರಲ್ಲಿ ನೋಂದಾಯಿಸಿ, ವರ್ಷ ವರ್ಷ ಲೆಕ್ಕ ಕೊಡಬೇಕು. ಕೊಡಗಿನಲ್ಲಿ ಅಂಥ ಕಚೇರಿ ಇಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮುಂಚೆ ನಮ್ಮದೇ ವಿಧಾನಸಭೆ ಇದ್ದಾಗ ದೇವಸ್ಥಾನಗಳ ನಿಧಿಗೆ ಒಂದು ಕೂರ್ಗ್ ಕಾಯ್ದೆ ಮಾಡಿದ್ದರು. ಆಮೇಲೆ ಆ ಜಾಗಕ್ಕೆ 1997ರ ರಾಜ್ಯದ ಧಾರ್ಮಿಕ ದತ್ತಿ ಕಾಯ್ದೆ ಬಂತು. ಶಾಲೆ, ವಿದ್ಯಾರ್ಥಿವೇತನ, ಆಸ್ಪತ್ರೆಯ ಟ್ರಸ್ಟ್‌ಗಳ ಮೇಲೆ ಕಣ್ಣಿಡುವ ಪ್ರತ್ಯೇಕ ಅಧಿಕಾರಿ ಮಾತ್ರ ಇಲ್ಲ.

ಹಾಗಾದರೆ ಮನ್ನಣೆ ಕೊಡುವವರು ಯಾರು? ಟ್ರಸ್ಟ್ ಪತ್ರವನ್ನು ಛಾಪಾ ಕಾಗದದಲ್ಲಿ ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುತ್ತೀರಿ. ಅದು ದಾಖಲೆಯ ನೋಂದಣಿ ಅಷ್ಟೇ. ನಿಮ್ಮ ಉದ್ದೇಶ ದತ್ತಿಯದ್ದೇ ಎಂದು ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ನಿಜವಾದ ಪರೀಕ್ಷೆ ನಡೆಯುವುದು ಆದಾಯ ತೆರಿಗೆ ಇಲಾಖೆಯಲ್ಲಿ. ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಯೋಗ, ಪರಿಸರ ರಕ್ಷಣೆ, ಸ್ಮಾರಕಗಳ ರಕ್ಷಣೆ, ಸಾರ್ವಜನಿಕ ಉಪಯೋಗದ ಬೇರೆ ಕೆಲಸ, ಇವು ಕಾಯ್ದೆ ಒಪ್ಪುವ ದತ್ತಿ ಉದ್ದೇಶಗಳು. ಈ ಪಟ್ಟಿಯ ಮೂಲ ಹುಡುಕುತ್ತಾ ಹೋದರೆ 1601ರ ಇಂಗ್ಲೆಂಡಿನ ಒಂದು ಶಾಸನದವರೆಗೆ ಹೋಗುತ್ತದೆ.

ಟ್ರಸ್ಟ್ ಆದಾಯಕ್ಕೆ ವಿನಾಯಿತಿ ಕೊಡುವ, ತೆರಿಗೆ ಇಲಾಖೆಯ ನೋಂದಣಿಗೆ 12ಎಬಿ ಎನ್ನುತ್ತಾರೆ. ದಾನ ಕೊಟ್ಟವರಿಗೆ ತೆರಿಗೆ ಕಡಿತ ಸಿಗುವುದು 80ಜಿಯಿಂದ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಈ ಸಂಖ್ಯೆಗಳು ಬದಲಾಗುತ್ತವೆ. ಆದರೆ ಆಡಿಟರ್‌ಗಳ ಬಾಯಲ್ಲಿ ಹಳೆಯ ಸಂಖ್ಯೆಗಳೇ ಇರುವುದರಿಂದ ನಾನೂ ಅವನ್ನೇ ಬಳಸುತ್ತಿದ್ದೇನೆ. ಹೊಸ ಟ್ರಸ್ಟ್‌ಗೆ ಮೊದಲು ಸಿಗುವುದು 3 ವರ್ಷದ ತಾತ್ಕಾಲಿಕ ನೋಂದಣಿ. ಕೆಲಸ ಶುರುವಾದ 6 ತಿಂಗಳೊಳಗೆ ಅಥವಾ ಆ 3 ವರ್ಷ ಮುಗಿಯುವ 6 ತಿಂಗಳ ಮುಂಚೆ, ಯಾವುದು ಮೊದಲೋ ಆಗ ಪೂರ್ಣ ನೋಂದಣಿಗೆ ಅರ್ಜಿ ಹಾಕಬೇಕು. ಪೂರ್ಣ ನೋಂದಣಿ ಸಿಕ್ಕರೂ ಅದಕ್ಕೆ ಅವಧಿ ಇದೆ. ಅದು ಸಾಮಾನ್ಯವಾಗಿ 5 ವರ್ಷ. ಆದಾಯ 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳ 12ಎಬಿ ನವೀಕರಣಕ್ಕೆ 2025ರ ತಿದ್ದುಪಡಿ 10 ವರ್ಷ ಕೊಟ್ಟಿದೆ. ಈ ದಿನಾಂಕಗಳನ್ನು ಇಬ್ಬರು ಟ್ರಸ್ಟಿಗಳಾದರೂ ಬರೆದಿಟ್ಟುಕೊಳ್ಳಿ. ಮರೆತರೆ ಆ ವರ್ಷದ ಆದಾಯಕ್ಕೆ ಮಾತ್ರವಲ್ಲ, ಟ್ರಸ್ಟ್‌ನ ನಿವ್ವಳ ಆಸ್ತಿಗೇ ತೆರಿಗೆ ಬೀಳುವ ನಿಯಮ ಇದೆ. ವರ್ಷದ ಆದಾಯದಲ್ಲಿ 85% ಅನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಮುಂದಿನ ದೊಡ್ಡ ಕೆಲಸಕ್ಕೆ ಕೂಡಿಡುವುದಾದರೆ ಮೊದಲೇ ಕಾರಣ ಹೇಳಿ 5 ವರ್ಷದವರೆಗೆ ಇಡಬಹುದು.

80ಜಿ ಬಗ್ಗೆ ಕೊಡಗಿನವರಿಗೆ ಒಂದು ಮಾತು ಹೇಳಲೇಬೇಕು. ಅದಿದ್ದರೆ ದಾನ ತಾನಾಗಿ ಹರಿದು ಬರುತ್ತದೆ ಎಂಬ ನಂಬಿಕೆ ಇದೆ. ಲೆಕ್ಕ ಹಾಕಿ ನೋಡಿ. ಕಾಫಿ ಹಣ್ಣನ್ನೋ ಚೆರಿಯನ್ನೋ ಹಾಗೇ ಮಾರುವ ಬೆಳೆಗಾರರದ್ದು ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತಾವೇ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಸಂಸ್ಕರಣೆ) ಮಾಡಿ ಮಾರಿದರೆ ಆ ಆದಾಯದ 25% ಮಾತ್ರ ತೆರಿಗೆಗೆ ಬರುತ್ತದೆ. ತೆರಿಗೆಯೇ ಇಲ್ಲದವರಿಗೆ ಕಡಿತ ಎಲ್ಲಿಂದ ಸಿಗಬೇಕು? ಇನ್ನು ಬೆಂಗಳೂರಿನ ತಮ್ಮಂದಿರು ಸಂಬಳದವರಾದರೆ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಸಿಗುವುದೇ ಇಲ್ಲ. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ಕೊಟ್ಟ ಮೊತ್ತದ ಅರ್ಧಕ್ಕೆ, ಅದೂ ಒಂದು ಮಿತಿಯೊಳಗೆ ಕಡಿತ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಅದೂ ಇಲ್ಲ. ಹಾಗಂತ 80ಜಿ ಬೇಡ ಎಂದು ನಾನು ಹೇಳುವುದಿಲ್ಲ. ಕಂಪನಿಗಳ ಸಿಎಸ್ಆರ್ ಹಣ, ಅಂದರೆ ಅವು ಸಮಾಜದ ಕೆಲಸಕ್ಕೆಂದು ಕೊಡುವ ಹಣ ಬೇಕಾದರೆ 12ಎಬಿಯ ಜೊತೆ ಅದೂ ಇರಬೇಕು. ಆದರೆ ನಿಮ್ಮ ಊರಿನ ದಾನಿಗಳು ಕೊಡುವುದು ತೆರಿಗೆ ಉಳಿಸಲು ಅಲ್ಲ. ಕೊಟ್ಟ ಹಣ ಎಲ್ಲಿ ಹೋಯಿತು ಎಂಬುದು ಅವರಿಗೆ ಕಾಣಬೇಕು, ಅಷ್ಟೇ. ಪ್ರಮಾಣಪತ್ರದ ಹಿಂದೆ ಓಡುವ ಶ್ರಮದ ಅರ್ಧವನ್ನು ಲೆಕ್ಕ ತೋರಿಸುವುದರ ಮೇಲೆ ಹಾಕಿ.

ಸಿಎಸ್ಆರ್ ಹಣಕ್ಕೆ ಈಗಲೇ ಆಸೆ ಇಟ್ಟುಕೊಳ್ಳಬೇಡಿ. ಕಂಪನಿಗಳು ಹೊರಗಿನ ಸಂಸ್ಥೆಯ ಮೂಲಕ ಖರ್ಚು ಮಾಡುವಾಗ ಆ ಸಂಸ್ಥೆ ಅಂಥ ಕೆಲಸದಲ್ಲಿ 3 ವರ್ಷ ಪಳಗಿರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್ಆರ್-1 ನಮೂನೆ ಸಲ್ಲಿಸಿರಬೇಕು. ಅದು ಆಮೇಲಿನ ಮಾತು.

ಕೆನಡಾದ ಅಕ್ಕನ ವಿಷಯದಲ್ಲಿ ಎಚ್ಚರ ಬೇಕು. ಅವರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಬೇಕು. ನೋಂದಣಿಗೆ ಸಂಸ್ಥೆ 3 ವರ್ಷ ನಡೆದಿರಬೇಕು, ಆ ಅವಧಿಯಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಈ ಕಾಯ್ದೆ ಮೀರಿದರೆ ಜೈಲು ಶಿಕ್ಷೆಯೂ ಇದೆ. ಅಕ್ಕ ಪ್ರೀತಿಯಿಂದ ಕಳಿಸಿದ ಹಣದಿಂದ ಟ್ರಸ್ಟಿಗಳು ಕೋರ್ಟ್ ಮೆಟ್ಟಿಲು ಹತ್ತುವಂತಾಗಬಾರದು. ಮೊದಲ ಮೂರು ವರ್ಷ ಅವರ ಹಣ ಇಲ್ಲದೆಯೇ ನಡೆಸುವ ಯೋಜನೆ ಮಾಡಿ.

ಈಗ ಮನ್ನಣೆಯ ಇನ್ನೊಂದು ಮುಖಕ್ಕೆ ಬರುತ್ತೇನೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಚಾರಿಟಿ ಕಮಿಷನರ್ ಇಲ್ಲದ ನಮ್ಮ ಜಿಲ್ಲೆಯಲ್ಲಿ ಟ್ರಸ್ಟಿಗಳನ್ನು ಕೇಳುವವರು ಯಾರು ಅಂದರೆ, ಊರಿನವರೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 92ರ ಪ್ರಕಾರ, ಟ್ರಸ್ಟ್‌ನಲ್ಲಿ ಹಿತಾಸಕ್ತಿ ಇರುವ ಯಾವುದೇ ಇಬ್ಬರು ಜಿಲ್ಲಾ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಕೊಡಿಸಿ, ಆಡಳಿತಕ್ಕೆ ಹೊಸ ವ್ಯವಸ್ಥೆ ರೂಪಿಸಿ ಎಂದು ಕೇಳಬಹುದು. 1920ರ ದತ್ತಿ ಮತ್ತು ಧಾರ್ಮಿಕ ಟ್ರಸ್ಟ್‌ಗಳ ಕಾಯ್ದೆಯಲ್ಲಿ ಒಬ್ಬರೇ ಅರ್ಜಿ ಹಾಕಿ ಲೆಕ್ಕ ಕೇಳುವ ದಾರಿಯೂ ಇದೆ. ನಿಮ್ಮಿಂದ ವಿದ್ಯಾರ್ಥಿವೇತನ ಪಡೆಯಬೇಕಾದ ಮಗುವಿನ ತಂದೆ, ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯಲ್ಲಿರುವ ಕಾರ್ಮಿಕ, ನಿಮ್ಮ ಒಕ್ಕವನ್ನು ಕೋರ್ಟಿನಲ್ಲಿ ಲೆಕ್ಕ ಕೇಳಬಹುದು. ಸಾರ್ವಜನಿಕ ಟ್ರಸ್ಟ್ ಮಾಡುವುದೆಂದರೆ ಆ ಹಕ್ಕನ್ನು ಅವರಿಗೆ ಕೊಡುವುದು. ಒಮ್ಮೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಐನ್‌ಮನೆಯಲ್ಲಿ ಎಲ್ಲರೂ ಕೂತಾಗ ಈ ಮಾತನ್ನು ಬಿಡಿಸಿ ಹೇಳಿ. ಒಪ್ಪದವರು ಇದ್ದರೆ ಅವರನ್ನು ಟ್ರಸ್ಟಿ ಮಾಡಬೇಡಿ.

ಮುಂದೆ ಸರ್ಕಾರದ ಅನುದಾನ ತೆಗೆದುಕೊಂಡರೆ ಈ ಹಕ್ಕು ಇನ್ನೂ ಅಗಲವಾಗುತ್ತದೆ. ಸರ್ಕಾರದಿಂದ ಗಣನೀಯ ಹಣ ಪಡೆಯುವ ಖಾಸಗಿ ಸಂಸ್ಥೆಗೂ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ ಎಂದು ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಡಿಮೆ ಬೆಲೆಗೆ ಕೊಟ್ಟ ಜಮೀನು ಕೂಡ ಆ ಲೆಕ್ಕಕ್ಕೆ ಬರಬಹುದು.

‘ಸರ್ಕಾರದ ಕೆಲಸ, ನಾವ್ಯಾಕೆ’ ಎಂದವರ ಮಾತಿಗೆ ಬರೋಣ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ತಳ್ಳಿಹಾಕಬೇಡಿ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ 2009ರ ಕಾಯ್ದೆಯಂತೆ ಹಕ್ಕು. ಪಡಿತರ 2013ರ ಆಹಾರ ಭದ್ರತಾ ಕಾಯ್ದೆಯಂತೆ ಹಕ್ಕು. ಕಾಡಿನ ಜನರ ಭೂಮಿ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕು. ದುರ್ಬಲ ವರ್ಗದವರ, ಅದರಲ್ಲೂ ಪರಿಶಿಷ್ಟರ ಶಿಕ್ಷಣದ ಹಿತ ಕಾಯುವುದು ಸಂವಿಧಾನದ 46ನೇ ವಿಧಿ ಸರ್ಕಾರಕ್ಕೆ ವಹಿಸಿದ ಹೊಣೆ. ಯಾವ ಟ್ರಸ್ಟ್‌ನಿಂದಲೂ ಇದನ್ನು ತುಂಬಿಕೊಡಲು ಆಗುವುದಿಲ್ಲ. ಟ್ರಸ್ಟ್ ಕೊಡುವುದು ನೆರವು. ನೆರವನ್ನು ನಿಲ್ಲಿಸಬಹುದು. ಹಕ್ಕನ್ನು ಸುಮ್ನೆ ನಿಲ್ಲಿಸಲು ಬರುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದರು. ದೊಡ್ಡ ಹೋರಾಟದ ನಂತರ ಅವರಲ್ಲಿ ಹೆಚ್ಚಿನವರಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಆ ದಿನಗಳಲ್ಲಿ ಅಕ್ಕಿ, ಕಂಬಳಿ, ಔಷಧಿ ತಂದುಕೊಟ್ಟವರ ಕೆಲಸ ದೊಡ್ಡದೇ. ಆದರೆ ಜಾಗ ಕೊಡುವುದು, ಹಕ್ಕುಪತ್ರ ಕೊಡುವುದು ಯಾವ ದಾನಿಯ ಕೈಯಲ್ಲೂ ಇರಲಿಲ್ಲ. ಅದು ಸರ್ಕಾರ ಮಾತ್ರ ಮಾಡಬಹುದಾದ ಕೆಲಸ. 2018ರ ನಂತರವೂ ಹಾಗೇ. ಜಂಬೂರು, ಮದೆ, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಮನೆಗಳು ಎದ್ದವು. ಇನ್ಫೋಸಿಸ್ ಫೌಂಡೇಷನ್ ಆಗ ಕೊಡಗಿಗೆ 25 ಕೋಟಿ ರೂಪಾಯಿ ಘೋಷಿಸಿತ್ತು. ಆದರೂ ಜಾಗ ಗುರುತಿಸುವುದು, ಯಾರು ಸಂತ್ರಸ್ತರು ಎಂದು ಪಟ್ಟಿ ಮಾಡುವುದು ಜಿಲ್ಲಾಡಳಿತದ ಕೆಲಸವಾಗಿತ್ತು. ಕೋಟಿ ಕೊಡುವ ಸಂಸ್ಥೆಗೂ ಈ ಗೆರೆ ದಾಟಲು ಆಗುವುದಿಲ್ಲ ಅಲ್ವಾ?

ಹಾಗಾದರೆ ಸಣ್ಣ ಟ್ರಸ್ಟ್‌ಗೆ ಜಾಗ ಎಲ್ಲಿ? ಸರ್ಕಾರ ಕೊಡುವುದಕ್ಕೂ ಮಗುವಿಗೆ ತಲುಪುವುದಕ್ಕೂ ನಡುವೆ ಬೀಳುವ ಜಾಗ ಒಂದಿದೆ. ಅಲ್ಲಿ. ತೋಟದ ಲೈನ್‌ಮನೆಯ ಮಕ್ಕಳನ್ನೇ ನೋಡಿ. ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಲು ಆಧಾರ್ ಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಹೆಸರಿನ ಒಂದು ಅಕ್ಷರ ಶಾಲಾ ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಹಣ ಬರುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ದಿನಗೂಲಿಯವರು. ನಾಡಕಚೇರಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಎರಡನೇ ಸಲ ಬನ್ನಿ ಎಂದರೆ ಅವರು ಹೋಗುವುದೇ ಇಲ್ಲ. ಮಗು ಎಂಟನೇ ಕ್ಲಾಸಿಗೋ ಒಂಬತ್ತನೇ ಕ್ಲಾಸಿಗೋ ಶಾಲೆ ಬಿಡುತ್ತದೆ.

ನಿಮ್ಮ ಟ್ರಸ್ಟ್‌ಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಬಡ್ಡಿ ಬರುತ್ತದೆ ಅಂದುಕೊಳ್ಳಿ. 30 ಮಕ್ಕಳಿಗೆ ತಲಾ 10,000 ಕೊಟ್ಟು, ಸಭೆ ಮಾಡಿ, ಫೋಟೋ ತೆಗೆಸಬಹುದು. ಅದೇ ಹಣದಲ್ಲಿ ಊರಿನದೇ ಒಬ್ಬ ಓದಿದ ಹುಡುಗಿಯನ್ನು ಸಂಬಳಕ್ಕೆ ಇಟ್ಟು, ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳ ಕಾಗದಪತ್ರ ಸರಿಮಾಡಿಸಿ, ಅವರಿಗೆ ಬರಬೇಕಾದ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಪರೀಕ್ಷಾ ಶುಲ್ಕದ ವಿನಾಯಿತಿ ಕೊಡಿಸಬಹುದು. ನೂರಾರು ಮಕ್ಕಳಿಗೆ ಪ್ರತಿ ವರ್ಷ ಸರ್ಕಾರದ್ದೇ ಹಣ ಬರುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡ ದಾನ. ದಾನಿಗಳಿಗೆ ಇದನ್ನು ವಿವರಿಸುವುದು ಕಷ್ಟ, ನಿಜ. ‘ನಮ್ಮ ಹಣ ಸಂಬಳಕ್ಕೆ ಹೋಯಿತಾ’ ಎನ್ನುತ್ತಾರೆ. ಎಷ್ಟು ಮಕ್ಕಳಿಗೆ ಎಷ್ಟು ಹಣ ಬಂತು ಎಂಬ ಪಟ್ಟಿಯನ್ನು ವರ್ಷದ ಕೊನೆಗೆ ಅವರ ಮುಂದಿಡಿ.

ಈ ಕೆಲಸದಲ್ಲಿ ತೊಡಗಿದವರಿಗೆ ನೀತಿಯ ಬಗ್ಗೆ ಮಾತಾಡುವ ಬಲವೂ ಬರುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳ ಅರ್ಜಿ ಯಾವ ಕಾರಣಕ್ಕೆ ನಿಂತಿದೆ ಎಂಬ ಪಟ್ಟಿ ಕೈಯಲ್ಲಿದ್ದರೆ, ಗ್ರಾಮಸಭೆಯಲ್ಲಿ, ಸಮಾಜ ಕಲ್ಯಾಣ ಇಲಾಖೆಯಲ್ಲಿ, ಜಿಲ್ಲಾಧಿಕಾರಿಯವರ ಮುಂದೆ ಅದಕ್ಕೆ ತೂಕ ಇದೆ. ಗ್ರಾಮಸಭೆಗೆ ಹೋಗಲು ಯಾವ ನೋಂದಣಿಯೂ ಬೇಕಿಲ್ಲ, ನೀವು ಆ ಊರಿನ ಮತದಾರರಾಗಿದ್ದರೆ ಸಾಕು. ಚುನಾವಣೆಗೆ, ಪಕ್ಷಕ್ಕೆ ಟ್ರಸ್ಟ್‌ನ ಹಣವನ್ನೂ ಹೆಸರನ್ನೂ ಬಳಸಬೇಡಿ.

ದೊಡ್ಡ ಹಣ ಬೇಡುವ ಕೆಲಸಗಳೂ ಇವೆ. ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಷನ್ ನಡೆಸುವ ‘ಸ್ವಸ್ಥ’ ವಿಶೇಷ ಶಾಲೆ, ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮದ ಆಸ್ಪತ್ರೆ, ಇವೆಲ್ಲ ವರ್ಷಗಟ್ಟಲೆ ಬೆಳೆದು ನಿಂತ ಸಂಸ್ಥೆಗಳು. ನೀವೂ ಮುಂದೆ ಒಂದು ಹಾಸ್ಟೆಲ್ ಮಾಡುವ ಆಸೆ ಇಟ್ಟುಕೊಂಡಿದ್ದರೆ ಟ್ರಸ್ಟ್ ನೋಂದಣಿ ಮಾತ್ರ ಸಾಲದು. ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 2015ರ ಬಾಲನ್ಯಾಯ ಕಾಯ್ದೆಯಡಿ ಪ್ರತ್ಯೇಕವಾಗಿ ನೋಂದಾಯಿಸಲೇಬೇಕು. ಇಲ್ಲದಿದ್ದರೆ ನಡೆಸುವವರಿಗೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ. ಅಂಗವಿಕಲರ ಸಂಸ್ಥೆಗೆ 2016ರ ಕಾಯ್ದೆಯ ನೋಂದಣಿ ಬೇಕು. ಒಳ್ಳೆಯ ಮನಸ್ಸಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಅದು ಸರಿಯೂ ಹೌದು.

ಟ್ರಸ್ಟ್ ಪತ್ರ ಬರೆಯುವಾಗ ಐವರು ಟ್ರಸ್ಟಿಗಳಿರಲಿ. ಅವರಲ್ಲಿ ಇಬ್ಬರಾದರೂ ಒಕ್ಕದ ಹೊರಗಿನವರಾಗಿರಲಿ. ಒಬ್ಬರು ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕರಾದರೆ ಒಳ್ಳೆಯದು. ಇನ್ನೊಬ್ಬರು ನೀವು ನೆರವಾಗಲು ಹೊರಟ ಜನರಿಂದಲೇ ಬರಲಿ, ಯರವ ಅಥವಾ ಕುರುಬ ಹಾಡಿಯಿಂದ. ಪ್ರತಿಯೊಬ್ಬರಿಗೂ 5 ವರ್ಷದ ಅವಧಿ ಇಡಿ, ಯಾರನ್ನೂ ಆಜೀವ ಟ್ರಸ್ಟಿ ಮಾಡಬೇಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಅದರಲ್ಲಿ ಒಂದು ಹೊರಗಿನವರದ್ದು. ಟ್ರಸ್ಟ್ ನಿಂತುಹೋದರೆ ಆಸ್ತಿ ಇದೇ ಉದ್ದೇಶದ ಇನ್ನೊಂದು ಮಾನ್ಯ ಸಂಸ್ಥೆಗೆ ಹೋಗಬೇಕು, ಒಕ್ಕಕ್ಕೆ ವಾಪಸ್ ಬರಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಈ ಸಾಲು ಇಲ್ಲದಿದ್ದರೆ 12ಎಬಿ ಅರ್ಜಿ ಮುಂದೆ ಹೋಗುವುದು ಕಷ್ಟ. ಪ್ರತಿ ಏಪ್ರಿಲ್‌ನಲ್ಲಿ ಒಂದು ಪುಟದ ಕನ್ನಡ ಲೆಕ್ಕಪತ್ರವನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಹಾಕುವುದನ್ನೂ ಪತ್ರದಲ್ಲೇ ಸೇರಿಸಿ. ಕಾನೂನು ಇದನ್ನು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ.

ಉಳಿದದ್ದು ಐನ್‌ಮನೆ ಪಕ್ಕದ ಜಾಗ. ಅದನ್ನು ಈಗಲೇ ಟ್ರಸ್ಟ್ ಪತ್ರಕ್ಕೆ ಸೇರಿಸಬೇಡಿ. ಅದು ಜಮ್ಮಾ ಜಾಗವಾದರೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಒಕ್ಕದ ಜಂಟಿ ಹಕ್ಕು. ಪಟ್ಟೆದಾರರಾಗಿ, ಅಂದರೆ ಒಕ್ಕದ ಮುಖ್ಯಸ್ಥರಾಗಿ ಅಜ್ಜನ ಹೆಸರು ದಾಖಲೆಯಲ್ಲಿ ಇದ್ದರೂ ಅದು ಅವರೊಬ್ಬರದ್ದಲ್ಲ. ತಮ್ಮದಲ್ಲದ್ದನ್ನು ವಿಲ್‌ನಲ್ಲಿ ಬರೆಯಲು ಯಾರಿಗೂ ಬರುವುದಿಲ್ಲ. ಮೊದಲು ಆರ್‌ಟಿಸಿ ಮತ್ತು ಜಮ್ಮಾ ದಾಖಲೆ ತೆಗೆಸಿ, ಯಾರ ಯಾರ ಹೆಸರಿದೆ ನೋಡಿ. ಅಜ್ಜ ಸ್ವಂತ ದುಡ್ಡಿನಲ್ಲಿ ಕೊಂಡ ಜಾಗವಾದರೆ ದಾರಿ ಸುಲಭ. ಜಮ್ಮಾ ಆದರೆ ಹಕ್ಕಿರುವ ಪ್ರತಿಯೊಬ್ಬರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಹೊರದೇಶದಲ್ಲಿರುವವರದ್ದೂ ಸೇರಿ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಠೇವಣಿಯ ಹಣದಿಂದ ಟ್ರಸ್ಟ್ ಶುರುಮಾಡಲು ಅದಕ್ಕಾಗಿ ಕಾಯಬೇಕಾಗಿಲ್ಲ. ಹುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ ಬರುತ್ತಾರಲ್ಲ, ಅದಕ್ಕೆ ಒಂದು ತಿಂಗಳ ಮುಂಚೆಯೇ ಕರಡನ್ನೂ ಚಿಕ್ಕಪ್ಪನ ಲೆಕ್ಕದ ಪುಟವನ್ನೂ ಎಲ್ಲರಿಗೂ ಕಳಿಸಿ. ಕರಡಿನಲ್ಲಿ ಟ್ರಸ್ಟಿಗಳ ಹೆಸರಿನ ಜಾಗ ಖಾಲಿ ಇರಲಿ, ಅದನ್ನು ಸಭೆಯಲ್ಲೇ ತುಂಬಿ.